ಸೊನ್ನೆ ಆಂಪಿಯರಿನ ಸಂಸಾರ

ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವ ಮುಂಚೆ ಕೂಗಬೇಕು. ಇದು ನಾನು ಮಾಡಿದ ಕಾನೂನಲ್ಲ. (ನಾನು ಮಾಡಿದ ಕಾನೂನು ಈ ಮನೆಯಲ್ಲಿ ಯಾವುದಿದೆ, ತೋರಿಸಿ ನೋಡೋಣ!) ನನ್ನ ಧರ್ಮಪತ್ನಿ ಸುನಂದಮ್ಮ ಅಡುಗೆಮನೆಯಿಂದ "ಮಿಕ್ಸೀ..." ಎಂದು ರಾಗ ಎಳೆದ ಕೂಡಲೇ, ಫ್ಯಾನಿನ ಕೆಳಗಿದ್ದವರು ಫ್ಯಾನು ಆರಿಸಬೇಕು, ಟಿವಿಯ ಮುಂದಿದ್ದವರು ಟಿವಿ ಆರಿಸಬೇಕು, ಇಸ್ತ್ರಿ ಮಾಡುತ್ತಿದ್ದವರು ಪ್ಲಗ್ಗು ಕಿತ್ತು ಕೈಕಟ್ಟಿ ನಿಲ್ಲಬೇಕು. ಚಟ್ನಿ ನುಣ್ಣಗಾದ ಮೇಲೆ "ಆಯ್ತೂ..." ಎಂದು ಇನ್ನೊಂದು ಕೂಗು. ಆಮೇಲೆ ನಾವೆಲ್ಲ ಮತ್ತೆ ಉಸಿರಾಡಬಹುದು. ಒಬ್ಬರು ತಪ್ಪಿದರೂ ಜಗಲಿಯ ಗೋಡೆಯಲ್ಲಿರುವ ಫ್ಯೂಸು ಟಪ್ ಎಂದು ಹಾರಿಹೋಗುತ್ತದೆ. ಹನಗೋಡಿನ ಈ ಮನೆಗೆ ವಯರು ಎಳೆಸಿದ್ದು ನಮ್ಮಪ್ಪ, ಎರಡು ಬಲ್ಬಿಗೆ ಮತ್ತು ಒಂದು ರೇಡಿಯೋಗೆ. ಆಗ ಮಿಕ್ಸಿಯೂ ಇರಲಿಲ್ಲ, ಸುನಂದಮ್ಮನೂ ಬಂದಿರಲಿಲ್ಲ.

ಇಪ್ಪತ್ತೈದು ವರ್ಷ ಈ ಕೂಗಿಗೆ ತಲೆಬಾಗಿ ನಡೆದುಕೊಂಡವನು ನಾನು. ಇನ್ನೂ ನಡೆದುಕೊಂಡು ಹೋಗುತ್ತಿದ್ದೆ. ಆದರೆ ಅದು ನನ್ನ ಮಗನ ಮದುವೆಗೇ ಅಡ್ಡ ಬಂತು ನೋಡಿ.

ನನ್ನ ಮಗ ಯತೀಶನಿಗೆ ಮೂವತ್ತೊಂದು. ಆರೆಕರೆ ಹೊಗೆಸೊಪ್ಪು, ಮೂರೆಕರೆ ರಾಗಿ, ಒಂದು ಬೋರ್‌ವೆಲ್ಲು, ದುರಭ್ಯಾಸ ಯಾವುದೂ ಇಲ್ಲ. (ಬೆಳಗ್ಗೆ ಅರ್ಧ ಗಂಟೆ ಕನ್ನಡಿಯ ಮುಂದೆ ನಿಲ್ಲುವುದನ್ನು ದುರಭ್ಯಾಸವೆಂದು ಲೆಕ್ಕ ಹಾಕಬಾರದು.) ಆದರೂ ವ್ಯವಸಾಯ ಮಾಡುವ ಹುಡುಗ ಅಂದರೆ ಹೆಣ್ಣಿನವರು ಫೋನೇ ಎತ್ತುವುದಿಲ್ಲ. ಅಂಥದರಲ್ಲಿ ಹೋದ ತಿಂಗಳು ಪಿರಿಯಾಪಟ್ಟಣದ ಕಡೆಯವರು ಮನೆ ನೋಡಲು ಬಂದರು. ನಮ್ಮಲ್ಲಿ ಹುಡುಗ ಹುಡುಗಿ ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆಯನ್ನು ನೋಡಬೇಕು. ಸೂರು, ಕೊಟ್ಟಿಗೆ, ಅಡುಗೆಮನೆ ಎಲ್ಲವನ್ನೂ ಕಣ್ಣಲ್ಲೇ ಅಳೆದು, ನಮ್ಮ ಮಗಳು ಇಲ್ಲಿ ಬಾಳಬಲ್ಲಳು ಅನ್ನಿಸಿದರೆ ಮಾತ್ರ ಮುಂದಿನ ಮಾತು. ಬಂದವರು ಕೂತರು. ಫ್ಯಾನು ತಿರುಗುತ್ತಿತ್ತು. ಬಚ್ಚಲಲ್ಲಿ ನನ್ನ ಸ್ನಾನದ ಬಕೆಟ್ಟಿಗೆ ಇಳಿಬಿಟ್ಟ, ನೀರು ಕಾಯಿಸುವ ಕಾಯಿಲ್ ಕಾಯುತ್ತಿತ್ತು. ಬೀಗರಾಗುವವರ ಮುಂದೆ "ಮಿಕ್ಸೀ..." ಎಂದು ಕೂಗಲು ಸುನಂದಮ್ಮನಿಗೆ ನಾಚಿಕೆಯಾಗಿ ಸುಮ್ಮನೆ ಗುಂಡಿ ತಿರುಗಿಸಿದಳು. ಟಪ್! ಬಂದವರು ಸೆಖೆಗೆ ಬೆವರುತ್ತ ಕಾಫಿ ಕುಡಿದರು, "ವಿಚಾರ ಮಾಡಿ ತಿಳಿಸ್ತೀವಿ" ಎಂದು ಎದ್ದರು. ಆಮೇಲೆ ಯಾರ ಕೈಲೋ ಹೇಳಿಕಳಿಸಿದರಂತೆ, ಕರೆಂಟೇ ನಿಲ್ಲದ ಮನೆಗೆ ಹೆಣ್ಣು ಕೊಡೋದು ಹೆಂಗೆ ಅಂತ.

ಯತೀಶ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೂ ಹೊಟ್ಟೆಗೆ ಇಳಿಯಲಿಲ್ಲ. ಆದರೆ ದುಃಖವನ್ನು ನಾವು ಗಂಡ ಹೆಂಡತಿ ಜಗಳದ ಮೂಲಕವೇ ತೋರಿಸುವುದು.

"ನಿನ್ನ ಮಿಕ್ಸಿಯಿಂದ ಹುಡುಗನ ಮದುವೆ ತಪ್ತು" ಎಂದೆ.

"ಮಿಕ್ಸಿಯಿಂದ್ಲಾ? ನಿಮ್ಮ ಕಾಯಿಲ್ಲಿಂದ ಕಣ್ರೀ! ಹತ್ತು ಗಂಟೆಗೆ ಯಾವ ಮಾರಾಯ ಸ್ನಾನ ಮಾಡ್ತಾನೆ, ಬೀಗ್ರು ಬಾಗ್ಲಲ್ಲಿರೋವಾಗ?"

"ಕಾಯಿಲ್ ಅಂದ್ರೆ ಒಂದು ಸುತ್ತಿದ ತಂತಿ. ತಿರುಗೋದೂ ಇಲ್ಲ, ಸದ್ದೂ ಮಾಡಲ್ಲ. ನಿನ್ನ ಮಿಕ್ಸಿ ಊರಿಗೇ ಕೇಳೋ ಹಂಗೆ ಬಡ್ಕತದೆ. ಕರೆಂಟು ಯಾವುದು ತಿಂತದೆ ಅಂತ ಕಿವಿ ಇದ್ದೋರಿಗೆ ಗೊತ್ತಾಗ್ತದೆ."

"ಅಂಗಾದ್ರೆ ಈ ಮನೇಲಿ ಎಲ್ಲಾರಿಗಿಂತ ಎಚ್ಚು ಕರೆಂಟ್ ತಿನ್ನೋರು ನೀವೇಯ" ಎಂದು ಅವಳು ಒಳಗೆ ಹೋದಳು.

ಈ ವ್ಯಾಜ್ಯ ಹೀಗೇ ಉರಿಯುತ್ತಿರುವಾಗ ನನಗೆ ಜ್ಞಾನೋದಯವಾಯಿತು. ಮಗಳು ಅನುಶ್ರೀ ಹತ್ತನೇ ತರಗತಿ. ಪರೀಕ್ಷೆ ಹತ್ತಿರ ಬಂದಿದ್ದರಿಂದ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು: "ಒಂದು ಇಸ್ತ್ರಿಪೆಟ್ಟಿಗೆಯು 220 ವೋಲ್ಟ್ ವಿಭವಾಂತರದಲ್ಲಿ 5 ಆಂಪಿಯರ್ ವಿದ್ಯುತ್ ಪ್ರವಾಹವನ್ನು ಸೆಳೆಯುತ್ತದೆ. ಅದರ ರೋಧ ಮತ್ತು ಸಾಮರ್ಥ್ಯವನ್ನು ಕಂಡುಹಿಡಿಯಿರಿ."

"ಕಂಡುಹಿಡಿಯೋದು ಅಷ್ಟು ಸುಲಭವೇನಮ್ಮಾ?" ಎಂದೆ.

"ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ರೋಧ ಅಪ್ಪ. ನಲವತ್ತನಾಲ್ಕು ಓಮ್. ಎರಡನ್ನೂ ಗುಣಿಸಿದ್ರೆ ಸಾಮರ್ಥ್ಯ. ಸಾವಿರದ ನೂರು ವ್ಯಾಟ್. ಅಷ್ಟೇ."

ಅಷ್ಟೇ! ಒಂದು ಭಾಗಾಕಾರ, ಒಂದು ಗುಣಾಕಾರ! ನಾನು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಎರಡು ಸಲ ಫೇಲಾಗಿದ್ದು ಇಷ್ಟಕ್ಕೇನಾ ಎಂದು ಬಹಳ ಬೇಜಾರಾಯಿತು. ವಿಭವಾಂತರ ಎಂಬ ಪದವನ್ನು ನಾಲ್ಕು ಸಲ ಬಾಯಲ್ಲಿ ಹೊರಳಿಸಿದೆ. ಅದನ್ನು ಹೇಳುವಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಮನೆಯ ಒಂದೊಂದು ಯಂತ್ರಕ್ಕೂ ವೋಲ್ಟು, ಆಂಪಿಯರು ಅಳೆದು, ರೋಧ, ಸಾಮರ್ಥ್ಯ ಬರೆದು, ಕಳ್ಳನನ್ನು ಹಿಡಿದು ಸುನಂದಮ್ಮನ ಮುಂದೆ ನಿಲ್ಲಿಸುವುದೆಂದು ತೀರ್ಮಾನಿಸಿದೆ. ಕಳ್ಳ ಯಾರು ಎಂಬುದು ನನಗೆ ಮೊದಲೇ ಗೊತ್ತಿತ್ತು. ಅದು ಅಡುಗೆಮನೆಯಲ್ಲಿತ್ತು.

ಮಾರನೆಯ ದಿನವೇ ಹುಣಸೂರಿಗೆ ಹೋದೆ. ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ವೀರಭದ್ರಸ್ವಾಮಿ ನನಗೆ ಹಳೆಯ ಸ್ನೇಹಿತ. ಅವನ ಹತ್ತಿರ ಕ್ಲ್ಯಾಂಪ್ ಮೀಟರ್ ಇದೆ. ಇಕ್ಕಳದಂತೆ ಬಾಯಿ ತೆರೆದು ವಯರನ್ನು ಕಚ್ಚಿಕೊಂಡರೆ ಸಾಕು, ಒಳಗೆ ಎಷ್ಟು ಆಂಪಿಯರು ಓಡುತ್ತಿದೆ ಎಂದು ಹಣೆಯ ಮೇಲೆ ತೋರಿಸುತ್ತದೆ. ಅದಕ್ಕೇ ಎರಡು ಕಡ್ಡಿ ಸಿಕ್ಕಿಸಿದರೆ ವೋಲ್ಟೂ ತೋರಿಸುತ್ತದೆ. ಎರಡು ದಿನಕ್ಕೆ ಕೊಡು ಎಂದೆ.

"ತಗಂಡೋಗು. ಆದ್ರೆ ಒಂದು ಇಸ್ಯ ಕಣ್ಲಾ ನಟರಾಜ, ವಯರು ಕಚ್ಚುಸ್ಬೇಕಾದ್ರೆ..." ಎಂದು ಶುರು ಮಾಡಿದ.

"ನನಗೆ ಗೊತ್ತು ಬುಡ್ಲಾ" ಎಂದು ಬಸ್ಸು ಹತ್ತಿದೆ. ವಿಭವಾಂತರ ತಿಳಿದವನಿಗೆ ಕಚ್ಚಿಸುವುದನ್ನು ಹೇಳಿಕೊಡುವ ಅಗತ್ಯವೇನಿದೆ?

ಮನೆಗೆ ಬರುವ ದಾರಿಯಲ್ಲೇ ಹೊಲದ ಪಂಪ್‌ಸೆಟ್ಟಿನಲ್ಲಿ ಮೀಟರನ್ನು ಪರೀಕ್ಷೆ ಮಾಡಿದೆ. ಸ್ಟಾರ್ಟರಿನಿಂದ ಮೂರು ವಯರು ಬೇರೆಬೇರೆಯಾಗಿ ಹೊರಟಿವೆ. ಒಂದನ್ನು ಕಚ್ಚಿಸಿದೆ. ಒಂಬತ್ತು ಆಂಪಿಯರ್ ಎಂದಿತು. ಮೀಟರು ಸತ್ಯಸಂಧ ಎಂದು ಖಾತ್ರಿಯಾಯಿತು.

ಮನೆಯಲ್ಲಿ ಮೊದಲ ಆರೋಪಿಯಾಗಿ ಮಿಕ್ಸಿಯನ್ನೇ ಹಿಡಿದೆ. ಅನುಶ್ರೀ ನೋಟ್‌ಬುಕ್ಕು ಹಿಡಿದು ಕೂತಳು. ಸಾಕೆಟ್ಟಿನಲ್ಲಿ ವೋಲ್ಟು 230. ಭೇಷ್. ಮಿಕ್ಸಿ ತಿರುಗಿಸಿ ಅದರ ವಯರನ್ನು ಮೀಟರಿನ ಬಾಯಿಗಿಟ್ಟೆ. ಸೊನ್ನೆ! ಕಣ್ಣುಜ್ಜಿ ನೋಡಿದೆ. ಸೊನ್ನೆಯೇ. ಫ್ರಿಜ್ಜಿನ ವಯರು ಕಚ್ಚಿಸಿದೆ, ಸೊನ್ನೆ. ಟಿವಿ ಸೊನ್ನೆ, ಇಸ್ತ್ರಿಪೆಟ್ಟಿಗೆ ಸೊನ್ನೆ. ಕೊನೆಗೆ ನನ್ನ ಕಾಯಿಲ್ಲಿನ ದಪ್ಪ ವಯರು ಕಚ್ಚಿಸಿದೆ. ಅದೂ ಸೊನ್ನೆ.

"230ನ್ನ ಸೊನ್ನೆಯಿಂದ ಭಾಗಿಸು" ಎಂದೆ.

"ಸೊನ್ನೆಯಿಂದ ಭಾಗಿಸೋ ಹಂಗಿಲ್ಲ ಅಪ್ಪ."

"ಯಾಕೆ, ತಾಲ್ಲೂಕಾಫೀಸಿಂದ ಅಪ್ಪಣೆ ಬೇಕಾ?"

"ಭಾಗಿಸಿದ್ರೆ ರೋಧ ಅನಂತ ಅಂತಾಗ್ತದೆ. ಅನಂತ ಆದ್ರೆ ಕರೆಂಟೇ ಹರಿಯಲ್ಲ. ಕಾಯಿಲ್ ಕಾಯೋದೇ ಇಲ್ಲ."

ಕಾದಿದೆಯೋ ಇಲ್ಲವೋ ನೋಡೋಣ ಎಂದು ಸ್ವಿಚ್ಚು ಆರಿಸಿ ಬಕೆಟ್ಟಿಗೆ ಬೆರಳಿಟ್ಟೆ. ಅಯ್ಯಯ್ಯೋ! ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಯೋಚಿಸಿದೆ. ಮೀಟರು ಸುಳ್ಳು ಹೇಳುವುದಿಲ್ಲ, ಹೊಲದಲ್ಲಿ ನೋಡಿಯಾಗಿದೆ. ನೀರೂ ಸುಳ್ಳು ಹೇಳುವುದಿಲ್ಲ, ಬೆರಳು ನೋಡಿಯಾಗಿದೆ. ಅಂದ ಮೇಲೆ ಉಳಿದದ್ದು ಒಂದೇ: ನಮ್ಮ ಮನೆಯ ಯಂತ್ರಗಳು ಕರೆಂಟು ತಿನ್ನದೆ ಕೆಲಸ ಮಾಡುತ್ತಿವೆ! ಮಿಕ್ಸಿಯೂ ನಿರ್ದೋಷಿ, ಕಾಯಿಲ್ಲೂ ನಿರ್ದೋಷಿ. ಇಷ್ಟು ದಿನ ಹಾರುತ್ತಿದ್ದದ್ದು ಫ್ಯೂಸಿನ ಸ್ವಂತ ದುರ್ಬುದ್ಧಿ. ಅದರ ತಂತಿಯನ್ನು ಕಿತ್ತೆಸೆದು ಅಷ್ಟೇ ದಪ್ಪದ ಹೊಸ ತಂತಿಯನ್ನು ಯತೀಶನ ಕೈಲಿ ಕಟ್ಟಿಸಿದೆ. ಅನುಶ್ರೀ "ಏನೋ ತಪ್ಪಾಗದೆ ಅಪ್ಪ" ಎಂದು ಗೊಣಗುತ್ತಲೇ ನೋಟ್‌ಬುಕ್ಕಿನ ಉದ್ದಕ್ಕೂ ಸೊನ್ನೆ ಸುತ್ತಿದಳು.

"ಇನ್ಮೇಲೆ ಈ ಮನೇಲಿ ಯಾರೂ ಕೂಗಬಾರದು!" ಎಂದು ಘೋಷಿಸಿದೆ.

"ಭಾನ್ವಾರ ಅಂತರಸಂತೆಯೋರು ಮನೆ ನೋಡಕ್ಕೆ ಬತ್ತಾವ್ರೆ. ಅವತ್ತು ಒಂದಿನ ನಿಮ್ಮ ಬುದ್ದಿವಂತ್ಕೆ ತಗ್ಸಿ, ಕೈ ಮುಗೀತೀನಿ" ಎಂದಳು ಸುನಂದಮ್ಮ.

ತಗ್ಗಿಸುವುದೇ? ಕರೆಂಟು ನಿಲ್ಲದ ಮನೆ ಎಂಬ ಅಪಕೀರ್ತಿಯನ್ನು ತೊಳೆಯಲು ಇದಕ್ಕಿಂತ ಒಳ್ಳೆಯ ದಿನ ಯಾವುದು?

ಭಾನುವಾರ ಹನ್ನೊಂದಕ್ಕೆ ಅವರ ವ್ಯಾನು ಬಂತು. ಹುಡುಗಿಯ ಹೆಸರು ಸೌಂದರ್ಯ, ಅವಳು ಬಂದಿರಲಿಲ್ಲ. ತಂದೆ ಮಹದೇವಯ್ಯ, ತಾಯಿ ಭಾಗ್ಯಮ್ಮ, ಭಾಗ್ಯಮ್ಮನ ತಂಗಿ ಸುಧಾ, ಈ ಮೂವರೇ ಇಳಿದರು. ಶಿವರಾತ್ರಿ ಕಳೆದ ಬಿಸಿಲು ಅಂಗಳದಲ್ಲಿ ಸುಡುತ್ತಿತ್ತು. ಯತೀಶ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಹುಡುಗಿಯ ಜೊತೆ ಒಂದು ವಾರದಿಂದ ಫೋನಿನಲ್ಲಿ ಮಾತಾಡುತ್ತಿದ್ದನಂತೆ, ಈ ಸಲ ತಪ್ಪಿದರೆ ಇನ್ನು ಹೆಣ್ಣೇ ನೋಡಬೇಡಿ ಎಂದು ತಾಯಿಗೆ ಹೇಳಿದ್ದನಂತೆ. ಅದನ್ನು ಕೇಳಿದ ಮೇಲೆ ನನಗೂ ದಿಗಿಲಾಯಿತು. ಅದಕ್ಕೇ ಎಲ್ಲವನ್ನೂ ಇನ್ನೂ ಜೋರಾಗಿ ಮಾಡಿದೆ.

ಕೈಕಾಲು ತೊಳೆಯಲು ಬಿಸಿನೀರು ಕೊಟ್ಟೆ.

"ಈ ಬಿಸ್ಲಲ್ಲಿ ಬಿಸ್ನೀರಾ?" ಎಂದರು ಮಹದೇವಯ್ಯ.

"ನಮ್ಮಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇರ್ತದೆ" ಎಂದು ಇನ್ನೊಂದು ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟೆ. ಒಳಗೆ ಕೂರಿಸಿ ಎರಡು ಫ್ಯಾನು ಹಾಕಿದೆ. ಪಕ್ಕದ ಬೀದಿಯಿಂದ ತಂದ ಕೂಲರು ಹಾಕಿದೆ. ಟಿವಿ ಹಾಕಿದೆ. ಇಸ್ತ್ರಿಪೆಟ್ಟಿಗೆಯನ್ನೂ ಪ್ಲಗ್ಗಿಗೆ ಸಿಕ್ಕಿಸಿ ಮೂಲೆಯಲ್ಲಿ ನಿಲ್ಲಿಸಿದೆ. (ಯಾಕೆ ಎಂದು ಕೇಳಬೇಡಿ. ಹುಮ್ಮಸ್ಸು.) ಫ್ಯೂಸು ಎರಡು ನಿಮಿಷ ಹಲ್ಲು ಕಚ್ಚಿ ನಿಂತಿತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ವಡೆಗೆ ನೆನೆಸಿದ ಕಡಲೆಬೇಳೆಯನ್ನು ಸುನಂದಮ್ಮ ಮಿಕ್ಸಿಗೆ ಹಾಕಿದಳು. ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಕೂಗದೆ ಒಳಗೆ ಹೋದಳು.

ಟಪ್!

ಫ್ಯಾನುಗಳು ನಿಧಾನವಾಗಿ ನಿಂತವು.

"ಕರೆಂಟ್ ಓಯ್ತಾ?" ಎಂದರು ಭಾಗ್ಯಮ್ಮ.

"ಊರಿಗೇ ಹೋಗಿರ್ಬೇಕು" ಎಂದೆ. ಅದೇ ಗಳಿಗೆಗೆ ಪಕ್ಕದ ಮನೆಯ ಟಿವಿ ಸೋಪಿನ ಜಾಹೀರಾತನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಡಿತು.

ಸುನಂದಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ಬೇಳೆ ಅರ್ದಕ್ಕೇ ನಿಂತೋಯ್ತು. ಕೂಗ್ಬ್ಯಾಡ ಅಂದ್ರಿ, ಕೂಗ್ಲಿಲ್ಲ. ಈಗ ನೋಡ್ಕಳಿ."

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಏನಾದರೂ ಉಳಿಯುತ್ತಿತ್ತೋ ಏನೋ. ಆದರೆ ನನ್ನ ಬಳಿ ಪುರಾವೆ ಇತ್ತು! ನೋಟ್‌ಬುಕ್ಕನ್ನು ತಂದು ಮಹದೇವಯ್ಯನವರ ತೊಡೆಯ ಮೇಲಿಟ್ಟೆ. "ಇದು ಫ್ಯೂಸಿನ ತಪ್ಪು. ನಮ್ಮ ಮನೆಯ ಯಾವ ಯಂತ್ರವೂ ವಿದ್ಯುತ್ ಪ್ರವಾಹವನ್ನೇ ಸೆಳೆಯೋದಿಲ್ಲ. ನಾನೇ ಅಳೆದಿದ್ದೀನಿ."

ಅವರು ಕನ್ನಡಕ ಹಾಕಿಕೊಂಡು ಓದಿದರು. "ಮಿಕ್ಸಿ, ಸೊನ್ನೆ ವ್ಯಾಟ್. ಕಾಯಿಲ್, ಸೊನ್ನೆ ವ್ಯಾಟ್. ಅಂಗಾರೆ ನಿಮ್ಮನೇಲಿ ಯಾವ್ದೂ ಓಡಾಕಿಲ್ವಾ?"

"ಓಡ್ತವೆ! ಕರೆಂಟು ತಿನ್ನದೆ ಓಡ್ತವೆ!"

ಮಹದೇವಯ್ಯ ಹೆಂಡತಿಯ ಮುಖ ನೋಡಿದರು. ಹುಡುಗ ಸರಿಯಾಗಿದ್ದಾನೆ, ಆದರೆ ಅಪ್ಪನಿಗೆ ಎಷ್ಟು ದಿನದಿಂದ ಹೀಗೆ ಎಂದು ಆ ನೋಟ ಕೇಳುತ್ತಿತ್ತು. ಬಾಗಿಲ ಬಳಿ ಯತೀಶ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ನೋಡಿ ನನಗೆ ಭೂಮಿ ಬಿರಿದು ಒಳಗೆ ಸೇರಿಕೊಂಡರೆ ಸಾಕು ಅನ್ನಿಸಿತು. ಮಗನ ಬಾಳನ್ನು ನಾನೇ ಕೈಯಾರೆ ಕೆಡಿಸಿಬಿಟ್ಟೆನಲ್ಲ!

ಅಲ್ಲಿಯವರೆಗೆ ಒಂದು ಮಾತೂ ಆಡದ ಸುಧಾ ಎದ್ದಳು. "ಮೀಟ್ರು ಕೊಡಿ ಅಣ್ಣ. ಎಂಗೆ ಇಡ್ದು ಅಳುದ್ರಿ, ತೋರ್ಸಿ."

ಕಾಯಿಲ್ಲಿನ ವಯರನ್ನು ಮೀಟರಿನ ಬಾಯಿಗಿಟ್ಟು ತೋರಿಸಿದೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಭುಜ ಕುಣಿಯುವುದು ಮಾತ್ರ ಕಾಣಿಸಿತು.

"ಅಣ್ಣ, ಈ ವಯರ್ ಒಳ್ಗೆ ಎರಡು ತಂತಿ ಅವೆ. ಒಂದ್ರಲ್ಲಿ ಕರೆಂಟ್ ಓಯ್ತದೆ, ಇನ್ನೊಂದ್ರಲ್ಲಿ ವಾಪಸ್ ಬತ್ತದೆ. ಎರಡನ್ನೂ ಸೇರ್ಸಿ ಕಚ್ಚುಸುದ್ರೆ ಓಗಿದ್ದುಕ್ಕೂ ಬಂದಿದ್ದುಕ್ಕೂ ವಜಾ ಆಗಿ ಸೊನ್ನೆ ತೋರುಸ್ತದೆ. ಹುಣಸೂರಿಗೆ ಐದು ಬಸ್ಸು ಓದ್ವು, ಐದು ಬಂದ್ವು, ಕಳುದ್ರೆ ಸೊನ್ನೆ, ಅದುಕ್ಕೇ ಈ ರೋಡಲ್ಲಿ ಬಸ್ಸೇ ಓಡಲ್ಲ ಅಂದಂಗಾಯ್ತು ನಿಮ್ಮ ಲೆಕ್ಕ."

"ನಿಂಗೆ ಇದೆಲ್ಲ ಹೆಂಗೆ ಗೊತ್ತಮ್ಮ?" ಎಂದೆ.

"ನಮ್ಮ ಹೊಲದ ಮೋಟ್ರು ಮೂರು ಸಲ ಸುಟ್ಟೋಗಿತ್ತು. ನಾಲ್ಕನೇ ಸಲಕ್ಕೆ ನಾನೇ ಮೀಟ್ರು ತಗಂಡು ಕಲ್ತೆ."

ಯತೀಶ ಫ್ಯೂಸಿಗೆ ಹೊಸ ತಂತಿ ಕಟ್ಟಿ ಬಂದ. ಕಾಯಿಲ್ ಒಂದನ್ನು ಬಿಟ್ಟು ಎಲ್ಲವನ್ನೂ ಆರಿಸಿದರು. ಫ್ಯೂಸಿನ ಹತ್ತಿರ ಎರಡು ವಯರೂ ಬೇರೆಬೇರೆಯಾಗಿ ಇಳಿದಿವೆ. ಸುಧಾ ಒಂದನ್ನು ಮಾತ್ರ ಕಚ್ಚಿಸಿದಳು. ಐದು ಆಂಪಿಯರ್! ಊರಿನ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಾದ್ದರಿಂದ ವೋಲ್ಟು ಇನ್ನೂರಕ್ಕೆ ಇಳಿದಿತ್ತು.

"ರೋಧ ನಲವತ್ತು ಓಮ್! ಸಾಮರ್ಥ್ಯ ಸಾವಿರ ವ್ಯಾಟ್!" ಎಂದು ಅನುಶ್ರೀ ಕುಣಿದಳು. ಅವತ್ತು ಸೊನ್ನೆ ಸುತ್ತಿ ಸುತ್ತಿ ಬೇಸತ್ತಿದ್ದಳು ಪಾಪ. ಆಮೇಲೆ ಒಂದೊಂದನ್ನೇ ಹಾಕಿ ಅಳೆದರು. ಇಸ್ತ್ರಿಪೆಟ್ಟಿಗೆ ನಾಲ್ಕು, ಮಿಕ್ಸಿ ಮೂರು, ಉಳಿದವೆಲ್ಲ ಸೇರಿ ಎರಡು. ಒಟ್ಟು ಹದಿನಾಲ್ಕು ಆಂಪಿಯರ್.

"ನಿಮ್ಮ ಫ್ಯೂಸ್ ತಂತಿ ಆರು ಆಂಪಿಯರಿಂದು. ಹದಿನಾಲ್ಕು ಏರುದ್ರೆ ಅದಾದ್ರೂ ಏನ್ ಮಾಡ್ತದೆ? ಅಂಗಂತ ದಪ್ಪ ತಂತಿ ಕಟ್ಬುಟ್ಟೀರಾ, ಗೋಡೆ ಒಳ್ಗಿನ ಹಳೇ ವಯರೇ ಸುಟ್ಟೋಯ್ತದೆ. ವೈರಿಂಗ್ ಬದ್ಲಾಯಿಸ್ಬೇಕು" ಎಂದಳು ಸುಧಾ.

ಸುನಂದಮ್ಮನಿಗೆ ವೈರಿಂಗಿನ ಮಾತು ಕಿವಿಗೇ ಬೀಳಲಿಲ್ಲ. ಅವಳು ಕೇಳಿಸಿಕೊಂಡದ್ದು ಎರಡೇ ಅಂಕಿ. "ನಿಮ್ಮ ಕಾಯಿಲ್ಲು ಐದು, ನನ್ನ ಮಿಕ್ಸಿ ಮೂರು. ಕೇಳ್ತೇನ್ರೀ? ಐದು! ಮೂರು!" ಎಂದು ಬೀಗರಾಗುವವರ ಎದುರಿಗೇ ಬೆರಳು ಎಣಿಸಿ ತೋರಿಸಿದಳು. ಇನ್ನು ನಾಚಿಕೊಳ್ಳಲು ಏನು ಉಳಿದಿದೆ ಎಂದುಕೊಂಡಳೋ ಏನೋ, ಅಡುಗೆಮನೆಗೆ ಹೋದವಳೇ ಎಂದಿನ ಗಂಟಲಲ್ಲಿ ಕೂಗಿದಳು:

"ಮಿಕ್ಸೀ..."

ನಾನು ಫ್ಯಾನಿನ ಕಡೆಗೆ ಓಡಿದೆ. ನನಗಿಂತ ಮೊದಲೇ ಭಾಗ್ಯಮ್ಮ ದಡಕ್ಕನೆ ಎದ್ದು ಫ್ಯಾನಿನ ಸ್ವಿಚ್ಚು ಆರಿಸಿಬಿಟ್ಟಿದ್ದರು! ಮಹದೇವಯ್ಯ ಟಿವಿಯ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಳೆ ರುಬ್ಬಿ ಮುಗಿಯುವವರೆಗೂ ಯಾರೂ ಅಲುಗಾಡಲಿಲ್ಲ. "ಆಯ್ತೂ..." ಎಂದು ಕೇಳಿಸಿದ ಮೇಲೆಯೇ ನಗು ಸಿಡಿದದ್ದು.

"ನಿಮ್ಮಲ್ಲೂ ಕೂಗ್ತೀರಾ?" ಎಂದು ಸುನಂದಮ್ಮ ಓಡಿ ಬಂದಳು.

"ನಮ್ಮನೇಲಿ ಗ್ರೈಂಡ್ರುಗೂ ಬೇರೆ, ಮಿಕ್ಸಿಗೂ ಬೇರೆ ಕೂಗದೆ ಕಣಕ್ಕ!" ಎಂದರು ಭಾಗ್ಯಮ್ಮ ಕಣ್ಣೊರೆಸಿಕೊಳ್ಳುತ್ತ. "ಪಟ್ಣದ ಮನೆಗೆ ಕೊಟ್ರೆ ನಮ್ಮ ಮಗೀಗೆ ಇದೆಲ್ಲ ಮರ್ತೋಯ್ತದಲ್ಲ ಅಂತಿದ್ದೆ. ಇದೇನೂ ಹೊಸ ಮನೆ ಅನ್ನುಸ್ತಿಲ್ಲ ಬುಡಿ."

ಆಮೇಲೆ ಹೆಂಗಸರು ಮೂವರೂ ಅಡುಗೆಮನೆ ಸೇರಿದರು. ವಡೆಯ ಘಮದ ಜೊತೆಗೆ ನನ್ನ ಬಗೆಗಿನ ಮಾತುಗಳೂ ಹೊರಗೆ ಬಂದವು. ಒಂದೊಂದು ಮಾತಿಗೂ ಒಂದೊಂದು ನಗು. ಮಹದೇವಯ್ಯ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ, "ಬೀಗ್ರೇ, ನಾನೂ ಎರಡು ವಯರು ಸೇರ್ಸೇ ಕಚ್ಚುಸಿದ್ದೆ. ಯಾರ್ಗೂ ಏಳ್ಬ್ಯಾಡಿ" ಎಂದರು. ಬೀಗ್ರೇ ಎಂದ ಆ ಒಂದು ಪದಕ್ಕೆ ನನ್ನ ಕಣ್ಣು ತುಂಬಿಕೊಂಡಿತು. ಯತೀಶ ಫೋನು ಹಿಡಿದು ಹಿತ್ತಿಲ ಕಡೆ ಓಡಿದ.

ಮುಂದಿನ ವಾರ ಅಂತರಸಂತೆಯಲ್ಲಿ ಮಾತುಕತೆ ನಡೆಯಿತು. ಹಿರಿಯರೆಲ್ಲ ಕೂತು ಮದುವೆ ಎಲ್ಲಿ, ಊಟ ಯಾರದು ಎಂದು ಒಂದೊಂದಾಗಿ ಬರೆಸಿದರು. ಹೊಸ ವೈರಿಂಗ್ ಮಾಡಿಸುವುದು ಗಂಡಿನ ಕಡೆಯ ಜವಾಬ್ದಾರಿ ಎಂದೂ ಬರೆದರು. ಅದು ನ್ಯಾಯವೇ. ಕೊನೆಗೆ ಭಾಗ್ಯಮ್ಮ ಇನ್ನೊಂದು ಸಾಲು ಸೇರಿಸಬೇಕು ಎಂದರು. ಸುನಂದಮ್ಮ ಅದನ್ನು ತಾನೇ ಹೇಳಿ ಬರೆಸಿದಳು: "ಹುಡುಗನ ತಂದೆಯವರು ಇನ್ನು ಮುಂದೆ ಫ್ಯೂಸು, ಮೀಟರು, ಕಾಯಿಲ್ ಇವುಗಳನ್ನು ಮುಟ್ಟತಕ್ಕದ್ದಲ್ಲ. ಬಿಸಿನೀರು ಬೇಕಾದಲ್ಲಿ ಸೊಸೆಯನ್ನು ಕೇಳತಕ್ಕದ್ದು."

"ಇದೆಲ್ಲ ಬರೆಯೋ ವಿಷಯವೇನ್ರೀ?" ಎಂದು ಹಿರಿಯರ ಮುಖ ನೋಡಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಯತೀಶನನ್ನು ನೋಡಿದೆ. ಅವನು ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು, "ಸೈನು ಹಾಕಪ್ಪ, ಮುಹೂರ್ತ ಮೀರ್ತದೆ" ಎಂದ.

ಹಾಕಿದೆ. ಮದುವೆಗೆ ಇನ್ನೂ ಎರಡು ತಿಂಗಳಿದೆ, ಸೊಸೆ ಬಂದಿಲ್ಲ. ಅಲ್ಲಿಯವರೆಗೆ ಏನು ಮಾಡಲಿ ಎಂದು ಸುನಂದಮ್ಮನನ್ನು ಕೇಳಿದರೆ, ಕರಾರಿನಲ್ಲಿ ಸೊಸೆ ಅಂತ ಮಾತ್ರ ಬರೆದದೆ ಅನ್ನುತ್ತಾಳೆ. ಹೀಗಾಗಿ ನಾನು ಈಗ ತಣ್ಣೀರಿನಲ್ಲೇ ಸ್ನಾನ ಮಾಡುತ್ತಿದ್ದೇನೆ.